ಚಿಗಟ ಓಡಿಸಲು ಬಾಂಬು ಬೇಡ, ಬೆವರು ಸಾಕು



ಈ ಸಲ ಗಡಿ, ನೀರು, ನಾಮಫಲಕ ಯಾವುದರ ಬಗ್ಗೆಯೂ ಬರೆಯುತ್ತಿಲ್ಲ. ನಮ್ಮ ಮನೆಯ ಕಾರ್ಪೆಟ್ಟಿನ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಊರಿಗೆ ಹೋಗಿ ಬರುವ ನಮ್ಮಂಥ ಸಂಸಾರಗಳಿಗೆ, ಅದರಲ್ಲೂ ಮಕ್ಕಳ ಹಟಕ್ಕೆ ಸೋತು ನಾಯಿಯನ್ನೋ ಬೆಕ್ಕನ್ನೋ ಸಾಕಿಕೊಂಡವರಿಗೆ, ಇದು ಇವತ್ತಲ್ಲ ನಾಳೆ ಬಂದೇ ಬರುವ ಪೀಡೆ. ಬಂದಾಗ ನಾನು ಮಾಡಿದ ತಪ್ಪನ್ನು ನೀವು ಮಾಡದಿರಲಿ ಎಂದು ಈ ಪತ್ರ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಐದು ವಾರ ಊರಿನಲ್ಲಿದ್ದೆವು. ಮಗಳ ಬೆಕ್ಕು ಚಿನ್ನಿಯನ್ನು ಗೆಳೆಯರೊಬ್ಬರ ಮನೆಯಲ್ಲಿ ಬಿಟ್ಟು, ಇಲ್ಲಿ ಅಟ್ಲಾಂಟಾದ ಮನೆಗೆ ಬೀಗ ಹಾಕಿ ಹೋಗಿದ್ದೆವು. ವಾಪಸ್ಸು ಬಂದದ್ದು ಆಗಸ್ಟಿನ ಒಂದು ರಾತ್ರಿ. ಬಾಗಿಲು ತೆಗೆದು, ಉಪ್ಪಿನಕಾಯಿ, ಹಪ್ಪಳ ತುಂಬಿದ ಸೂಟ್‌ಕೇಸುಗಳನ್ನು ಒಳಗೆ ಎಳೆದು, ಲೈಟು ಹಾಕುವಷ್ಟರಲ್ಲಿ ಮಗಳು ಕಿರುಚಿದಳು. ಅವಳ ಬಿಳಿ ಸಾಕ್ಸಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಮುಟ್ಟಲು ಹೋದರೆ ಟಣ್ಣನೆ ನೆಗೆದು ಮಾಯ! ಐದು ನಿಮಿಷದಲ್ಲಿ ಮೂವರ ಕಾಲೂ ಮೊಣಕಾಲಿನವರೆಗೆ ದದ್ದು.

ಐದು ವಾರ ಮನೆಯಲ್ಲಿ ಮನುಷ್ಯರಿಲ್ಲ, ಬೆಕ್ಕಿಲ್ಲ. ಇವು ಏನು ತಿಂದು ಬದುಕಿದ್ದವು? ಆ ರಾತ್ರಿ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದಿನ ಪ್ರಹಸನ ನಡೆಯುತ್ತಿರಲಿಲ್ಲ.

ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ, ಕ್ಷೇಮವಾಗಿ ತಲುಪಿದೆವು ಅನ್ನಲು.

"ಅಮ್ಮಾ, ಮನೆ ತುಂಬ ಫ್ಲೀ."

"ಹಾಗಂದ್ರೆ ಏನೋ? ಹೇನಾ?"

"ಅಲ್ಲಮ್ಮ, ಹಾರ್ತವೆ."

"ಹಾರೋ ಹೇನು ಎಲ್ಲಿದೆಯೋ? ತಿಗಣೆನಾ?"

"ಅಲ್ಲಮ್ಮ, ಬೆಕ್ಕಿನ ಮೈಮೇಲೆ ಇರೋದು."

"ಉಣುಗಾ?"

ಕೊನೆಗೆ ಅಮ್ಮನೇ ಹೇಳಿದರು: "ಓ, ಚಿಗಟ ಅನ್ನು ಮತ್ತೆ! ಅದನ್ನ ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ?"

ಚಿಗಟ. ಚಿಕ್ಕಂದಿನಲ್ಲಿ ಕೇಳಿದ್ದ ಮಾತು, ನಾಲಿಗೆಗೆ ಬರಲಿಲ್ಲ. ಇದನ್ನು ಭಾಷಾಭಿಮಾನಕ್ಕೆ ಹೇಳುತ್ತಿಲ್ಲ. ನಮ್ಮ ಹಿರಿಯರು ಈ ನಾಲ್ಕು ಪ್ರಾಣಿಗಳಿಗೆ ನಾಲ್ಕು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹೇನು ಹುಟ್ಟಿನಿಂದ ಸಾವಿನವರೆಗೆ ತಲೆಯಲ್ಲೇ ಇರುತ್ತದೆ. ಬಾಚಿ ತೆಗೆದರೆ ಮುಗಿಯಿತು. ತಿಗಣೆ ಮಂಚದ ಸಂದಿಯಲ್ಲಿ ಅಡಗಿ ರಾತ್ರಿ ಬಂದು ಕಚ್ಚುತ್ತದೆ. ಉಣುಗು ಕಾಡಿನಲ್ಲಿ, ಹುಲ್ಲಿನಲ್ಲಿ ಕಾದಿದ್ದು ಮೈಗೆ ಕಚ್ಚಿಕೊಂಡರೆ ದಿನಗಟ್ಟಲೆ ಬಿಡುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದ. ಚಿಗಟದ ರೀತಿಯೇ ಬೇರೆ. ದೊಡ್ಡವು ಬೆಕ್ಕಿನ ಮೇಲೆ, ಮಕ್ಕಳೆಲ್ಲ ನೆಲದ ಮೇಲೆ! ಇದನ್ನು ತಿಳಿಯದೆ ಮಾಡಿದ ಯಾವ ಔಷಧಿಯೂ ನಾಟುವುದಿಲ್ಲ.

ನನಗೆ ತಿಳಿಯುವ ತಾಳ್ಮೆ ಎಲ್ಲಿತ್ತು? ಸೋಮವಾರ ಆಫೀಸು, ಜೆಟ್‌ಲ್ಯಾಗು ಬೇರೆ. ಅಂಗಡಿಗೆ ಹೋಗಿ ನಾಲ್ಕು ಡಬ್ಬಿ ಫಾಗರ್ ತಂದೆ. ಇಲ್ಲಿ ಜನ ಅದನ್ನು ಬಾಂಬ್ ಅಂತಲೇ ಕರೆಯುತ್ತಾರೆ. ಒತ್ತಿ ನೆಲದ ಮೇಲಿಟ್ಟು ಮನೆಯಿಂದ ಹೊರಗೆ ಓಡಬೇಕು. ಅದು ಹೊಗೆಯಂತೆ ವಿಷ ಉಗುಳಿ ಮನೆಯೆಲ್ಲ ತುಂಬುತ್ತದೆ. ಇಟ್ಟೆವು, ಓಡಿದೆವು, ಸಂಜೆ ಬಂದೆವು. ಕಿಟಕಿ ತೆರೆದೆವು, ಮಗಳು ಎರಡು ದಿನ ಕೆಮ್ಮಿದಳು. ಊಟದ ಮೇಜು, ಮಗಳ ಆಟಿಕೆ, ದೇವರ ಮನೆಯ ತಟ್ಟೆ, ಎಲ್ಲದರ ಮೇಲೂ ಅಂಟಂಟು ಪದರ. ಚಿಗಟ ಮಾತ್ರ ಒಂದು ವಾರಕ್ಕೆ ಹಾಜರ್!

ಆಮೇಲೆ ನನ್ನ ಹೆಂಡತಿ ಖಾಲಿ ಡಬ್ಬಿ ಕೈಯಲ್ಲಿ ಹಿಡಿದು, ಅದರ ಮೇಲಿನ ಸಣ್ಣಕ್ಷರ ಓದುತ್ತಾ ಕೇಳಿದಳು: "ವಾಟರ್ ಹೀಟರಿನ ಪೈಲಟ್ ಜ್ವಾಲೆ ಆರಿಸಿದ್ದಿರಾ?" ಆರಿಸಿರಲಿಲ್ಲ. ಆ ಹೊಗೆ ಹೊತ್ತಿಕೊಳ್ಳುವಂಥದ್ದು. ಡಬ್ಬಿಯೂ ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಇಲಿ ಹೆಚ್ಚಾದವೆಂದು ಮನೆಗೆ ಬೆಂಕಿ ಇಟ್ಟವನ ಗಾದೆ ಕೇಳಿದ್ದೆ. ಅಕ್ಷರಶಃ ಆ ಮಹಾನುಭಾವ ನಾನೇ ಆಗುವುದರಲ್ಲಿದ್ದೆ. ಇದು ನನ್ನೊಬ್ಬನ ದಡ್ಡತನವೂ ಅಲ್ಲ. ನಮ್ಮ ಅಟ್ಲಾಂಟಾದಲ್ಲೇ ಇರುವ ಸಿಡಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2001ರಿಂದ 2006ರವರೆಗೆ ಅಮೆರಿಕದ ಎಂಟು ರಾಜ್ಯಗಳಲ್ಲಿ ಈ ಫಾಗರುಗಳಿಂದ ಕಾಯಿಲೆ, ಗಾಯ ಆದ ಪ್ರಕರಣಗಳು 466.

ಬಾಂಬು ಏಕೆ ಸೋತಿತು? ಉತ್ತರ ಚಿಗಟದ ಜಾತಕದಲ್ಲಿದೆ.

ಇಲ್ಲಿನ ಮನೆಗಳಲ್ಲಿ ಕಾಣುವುದು ಬಹುಪಾಲು ಬೆಕ್ಕಿನ ಚಿಗಟ. ಹೆಸರು ಬೆಕ್ಕಿನದಾದರೂ ನಾಯಿಯ ಮೇಲೂ ಅದೇ. ಹೆಣ್ಣು ಚಿಗಟ ರಕ್ತ ಕುಡಿದು ದಿನಕ್ಕೆ ನಲವತ್ತರ ಆಸುಪಾಸು ಮೊಟ್ಟೆ ಇಡಬಲ್ಲದು. ಮೊಟ್ಟೆಗೆ ಅಂಟಿಲ್ಲ. ಬೆಕ್ಕು ಓಡಾಡಿದ, ಮಲಗಿದ ಕಡೆಯೆಲ್ಲ ಉಪ್ಪು ಉದುರಿದ ಹಾಗೆ ಉದುರುತ್ತವೆ. ಒಡೆದು ಬಂದ ಮರಿಹುಳು ಬೆಳಕಿಗೆ ಹೆದರಿ ಕಾರ್ಪೆಟ್ಟಿನ ಬುಡಕ್ಕೆ ಇಳಿಯುತ್ತದೆ. ಅದರ ಆಹಾರ ದೊಡ್ಡ ಚಿಗಟಗಳ ಹಿಕ್ಕೆ, ಅಂದರೆ ಒಣಗಿದ ರಕ್ತದ ಪುಡಿ. ಬೆಳೆದ ಮೇಲೆ ರೇಷ್ಮೆ ಹುಳುವಿನಂತೆ ತನ್ನ ಸುತ್ತ ನೂಲಿನ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿಗೆ ಧೂಳು, ಮರಳು, ಕಾರ್ಪೆಟ್ಟಿನ ಎಳೆ ಎಲ್ಲ ಅಂಟಿ ಪಕ್ಕಾ ಕವಚವಾಗುತ್ತದೆ. ಅದರೊಳಕ್ಕೆ ಸ್ಪ್ರೇ ಸರಿಯಾಗಿ ಇಳಿಯುವುದಿಲ್ಲ. ಬಾಂಬಿನ ಮಂಜಂತೂ ಮೇಲಿಂದ ಬಿದ್ದು ಮೇಲೆಯೇ ಕೂರುತ್ತದೆ. ಸೋಫಾದ ಅಡಿಗೆ, ಮಂಚದ ಕೆಳಗೆ ಹೋಗುವುದೇ ಇಲ್ಲ.

ನಮ್ಮ ಐದು ವಾರದ ಒಗಟಿಗೂ ಉತ್ತರ ಇಲ್ಲೇ ಇದೆ. ಗೂಡಿನೊಳಗೆ ಸಿದ್ಧವಾದ ಚಿಗಟ ಹೊರಗೆ ಬರಲೇಬೇಕೆಂದಿಲ್ಲ. ಊಟ ಬರುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತದೆ. ಹೆಜ್ಜೆಯ ಅದುರು, ಮೈಯ ಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್, ಇವು ತಾಗಿದ ಕೂಡಲೇ ಗೂಡು ಒಡೆದು ನೆಗೆಯುತ್ತದೆ. ನಾವು ಸೂಟ್‌ಕೇಸ್ ಎಳೆದ ಸದ್ದೇ ಅವಕ್ಕೆ ಊಟದ ಗಂಟೆ! ಬೆಕ್ಕಿನ ಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಸಾರದ ಶೇಕಡಾ 5ರಷ್ಟು ಎಂಬುದು ಈ ವಿಷಯ ಬಲ್ಲವರ ಅಂದಾಜು. ಉಳಿದವು ಮೊಟ್ಟೆ, ಮರಿ, ಗೂಡುಗಳಾಗಿ ನೆಲದಲ್ಲಿವೆ.

ಹಾಗಾದರೆ ದಾರಿ ಏನು? ನೆಲ ಗುಡಿಸುವುದು ಸ್ವಾಮಿ, ನೆಲ ಗುಡಿಸುವುದು!

ಇದು ಅಜ್ಜಿಯ ಮಾತಲ್ಲ, ಪ್ರಯೋಗಶಾಲೆಯ ಮಾತು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಕ್ಯೂಮ್ ಕ್ಲೀನರ್ ಎಳೆದುಕೊಂಡ ದೊಡ್ಡ ಚಿಗಟಗಳಲ್ಲಿ ಶೇಕಡಾ 96 ಸತ್ತವು. ಮರಿಹುಳು ಮತ್ತು ಗೂಡಿನೊಳಗಿನವು ಶೇಕಡಾ 100. ಒಳಗಿನ ಬ್ರಷ್, ಫ್ಯಾನು, ಗಾಳಿಯ ರಭಸ ಸಾಕು, ವಿಷ ಬೇಡ. ಜೊತೆಗೆ ಅದರ ಅದುರಿಗೆ ಗೂಡಿನಲ್ಲಿ ಮಲಗಿದ್ದವು ಎದ್ದು ಹೊರಗೆ ಬರುತ್ತವೆ, ಮರುದಿನದ ವ್ಯಾಕ್ಯೂಮಿಗೆ ಸಿಗುತ್ತವೆ.

ನಾವು ಮಾಡಿದ್ದನ್ನು ಪಟ್ಟಿ ಮಾಡುತ್ತೇನೆ. ಬೇಕಾದರೆ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿಕೊಳ್ಳಿ.

1. ಮೊದಲು ಚಿಗಟ ಹೌದೋ ಅಲ್ಲವೋ ನೋಡಿ. ಬೆಕ್ಕಿನ ಅಥವಾ ನಾಯಿಯ ಕೂದಲಿನಿಂದ ಉದುರಿದ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಇಡಿ. ಸುತ್ತ ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಬಿಡದಿದ್ದರೆ ಬರೀ ಮಣ್ಣು.

2. ಪ್ರಾಣಿಯನ್ನು ದಿನಾ ಬಾಚಿ. ಚಿಗಟಕ್ಕೆಂದೇ ಒತ್ತು ಹಲ್ಲಿನ ಬಾಚಣಿಗೆ ಸಿಗುತ್ತದೆ, ನಮ್ಮ ಹೇನು ಬಾಚಣಿಗೆಯ ತಮ್ಮ. ಕುತ್ತಿಗೆ ಮತ್ತು ಬಾಲದ ಬುಡದಲ್ಲಿ ಹೆಚ್ಚು ಸಿಗುತ್ತವೆ. ಪಕ್ಕದಲ್ಲಿ ಪಾತ್ರೆ ತೊಳೆಯುವ ಸೋಪು ಕದಡಿದ ನೀರಿನ ಬಟ್ಟಲು ಇಟ್ಟುಕೊಂಡು ಅದರಲ್ಲಿ ಅದ್ದಿ. ಬರೀ ನೀರಿನಲ್ಲಿ ಅವು ತೇಲುತ್ತವೆ, ಸೋಪಿನ ನೀರಿನಲ್ಲಿ ಮುಳುಗುತ್ತವೆ.

3. ಮೊದಲ ಎರಡು ವಾರ ದಿನಾ ವ್ಯಾಕ್ಯೂಮ್, ಆಮೇಲೆ ದಿನ ಬಿಟ್ಟು ದಿನ. ನಡುಮನೆಯಲ್ಲಿ ಶೋಕಿಗೆ ಓಡಿಸಿದರೆ ಸಾಲದು. ಸೋಫಾ ಸರಿಸಿ, ಮೆತ್ತೆ ಎತ್ತಿ. ಗೋಡೆಯ ಅಂಚು, ಮಂಚದ ಕೆಳಗೆ, ಬೆಕ್ಕು ಮಲಗುವ ಮೂಲೆ, ಕಾರಿನ ಸೀಟು, ಯಾವುದನ್ನೂ ಬಿಡಬೇಡಿ. ಮುಗಿದ ಮೇಲೆ ಕಸವನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಹೊರಗಿನ ತೊಟ್ಟಿಗೆ ಹಾಕಿ.

4. ಹಾಸಿಗೆ ಹೊದಿಕೆ, ಬೆಕ್ಕಿನ ಹಾಸು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಡ್ರೈಯರ್ ಬಿಸಿ ಹೆಚ್ಚಿಟ್ಟು ಒಣಗಿಸಿ. ಅಮ್ಮ ಬೇಸಿಗೆಯಲ್ಲಿ ಹಾಸಿಗೆ, ದಿಂಬನ್ನೆಲ್ಲ ಅಂಗಳದ ಬಿಸಿಲಿಗೆ ಹಾಕುತ್ತಿದ್ದದ್ದು ಇದೇ ಶಾಸ್ತ್ರ. ಮರಿಹುಳು ಬಿಸಿಲಿನ ಶಾಖಕ್ಕೆ, ಒಣ ಹವೆಗೆ ಉಳಿಯುವುದಿಲ್ಲ.

5. ಮನೆಯ ತೇವ ಇಳಿಸಿ. ಗಾಳಿಯ ತೇವ ಶೇಕಡಾ 50ಕ್ಕಿಂತ ಕೆಳಗೆ ಇದ್ದರೆ ಮರಿಹುಳು ಬದುಕುವುದು ಕಷ್ಟ. ಅಟ್ಲಾಂಟಾದಂಥ ಬೆವರುವ ಊರಿನಲ್ಲಿ ಎಸಿ, ಡಿಹ್ಯುಮಿಡಿಫೈಯರ್ ಇದಕ್ಕೂ ಉಪಯೋಗ.

6. ರಾತ್ರಿ ಅಗಲ ತಟ್ಟೆಯಲ್ಲಿ ಸೋಪಿನ ನೀರಿಟ್ಟು, ಅದರ ಮೇಲೆ ಬೀಳುವಂತೆ ಸಣ್ಣ ದೀಪ ಹಚ್ಚಿಡಿ. ಬೆಳಕಿಗೆ ನೆಗೆದ ಚಿಗಟ ನೀರಿಗೆ ಬೀಳುತ್ತದೆ. ಇದರಿಂದ ಚಿಗಟ ನಿರ್ನಾಮ ಆಗುವುದಿಲ್ಲ, ಆದರೆ ಲೆಕ್ಕ ಸಿಗುತ್ತದೆ. ನಾನು ಎಕ್ಸೆಲ್ ಶೀಟ್ ಮಾಡಿದೆ (ಹುಟ್ಟುಗುಣ!). ಮೊದಲ ರಾತ್ರಿ ಹತ್ತೊಂಬತ್ತು. ಎರಡನೇ ವಾರ ಕಡಿಮೆ ಆಗುವ ಬದಲು ಹೆಚ್ಚಾಯಿತು. ಅಲ್ಲಿ ಧೈರ್ಯ ಕೆಡಬೇಡಿ. ಅದು ಗೂಡುಗಳು ಒಡೆಯುವ ಕಾಲ. ಆರನೇ ವಾರಕ್ಕೆ ಒಂದು, ಎರಡು. ಒಂಬತ್ತನೇ ವಾರಕ್ಕೆ ಸೊನ್ನೆ.

7. ಅಂಗಳ ಇದ್ದರೆ ನೆರಳು, ತೇವ ಇರುವ ಮೂಲೆಗಳನ್ನು ಶುಚಿ ಮಾಡಿ. ಡೆಕ್ಕಿನ ಕೆಳಗೆ ಬೀದಿ ಬೆಕ್ಕು, ರಕೂನು, ಒಪಾಸಮ್ಮು ಬಿಡಾರ ಹೂಡದಂತೆ ಜಾಲರಿ ಹಾಕಿ. ಅವುಗಳ ಮೇಲಿನ ಚಿಗಟವೇ ನಿಮ್ಮ ಮನೆಗೆ ಬರುವುದು.

ಇಷ್ಟೇ. ಇದರಲ್ಲಿ ಗುಟ್ಟಿಲ್ಲ, ಬೆವರಿದೆ. ನಮ್ಮ ಮನೆಯಲ್ಲಿ ಗುಡಿಸುವುದು, ಒಗೆಯುವುದು ಯಾರ ಪಾಲಿಗೆ ಬಿದ್ದಿದೆ ಎಂಬುದು ನನಗೆ ಕಂಡದ್ದೂ ಆಗಲೇ. ನಾನು ಡಬ್ಬಿ ತಂದದ್ದು ಚಿಗಟಕ್ಕೆ ಹೆದರಿ ಅಲ್ಲ, ವ್ಯಾಕ್ಯೂಮ್ ಹಿಡಿಯುವುದಕ್ಕೆ ಸೋಮಾರಿತನ. ಮನೆಯೊಳಗೆ ನಾವು ಹೊಡೆಯುವ ಎಷ್ಟೋ ವಿಷ ಹೀಗೆ ನಾವು ಮಾಡಲೊಲ್ಲದ ಕೆಲಸಕ್ಕೆ ಬದಲಾಗಿ ಕೊಟ್ಟ ದುಡ್ಡು. ಮೂವರೂ ದಿನಕ್ಕೆ ಇಪ್ಪತ್ತು ನಿಮಿಷ ಹಂಚಿಕೊಂಡಾಗ ಕೆಲಸ ಮುಗಿಯಿತು. ಮಗಳ ಪಾಲು ಬಾಚಣಿಗೆ, ಹೆಂಡತಿಯದು ಒಗೆತ, ನನ್ನದು ವ್ಯಾಕ್ಯೂಮ್.

ಈಗ ಇನ್ನೊಂದು ಕಡೆಯ ಮಾತು. "ರಾಸಾಯನಿಕ ಬೇಡ" ಎಂದ ಕೂಡಲೇ ನಮ್ಮವರು ಮನೆಮದ್ದಿನ ಡಬ್ಬಿ ತೆರೆಯುತ್ತಾರೆ. ಕರ್ಪೂರ ಕರಗಿಸಿ ಹಚ್ಚಿ, ಬೆಳ್ಳುಳ್ಳಿ ತಿನ್ನಿಸಿ, ಟೀ ಟ್ರೀ ಎಣ್ಣೆ ಸವರಿ, ನುಸಿಗುಳಿಗೆ ಇಡಿ... ದಯವಿಟ್ಟು ನಿಲ್ಲಿಸಿ! ಗಿಡದಿಂದ ಬಂದದ್ದೆಲ್ಲ ಸಾಧು ಅಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ಟೀ ಟ್ರೀ, ಪೆನ್ನಿರಾಯಲ್ ಎಣ್ಣೆಗಳು, ಕರ್ಪೂರ, ನಾಫ್ತಲೀನ್ ಎಲ್ಲವೂ ಅವಕ್ಕೆ ವಿಷ. ಅದರಲ್ಲೂ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥ ಎಷ್ಟೋ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುವ ಪ್ರಾಣಿ ಬೇರೆ. ಬೇವಿನ ಎಣ್ಣೆಯನ್ನೂ ಪಶುವೈದ್ಯರನ್ನು ಕೇಳದೆ ಬೆಕ್ಕಿಗೆ ಹಚ್ಚಬೇಡಿ. ಡಯಾಟಮೇಶಿಯಸ್ ಅರ್ತ್ ಎಂಬ ಬಿಳಿ ಪುಡಿ ಚಿಗಟದ ಮೈ ಒಣಗಿಸಿ ಕೊಲ್ಲುವುದು ನಿಜ. ಆದರೆ ಆ ನುಣ್ಣನೆ ಧೂಳು ಮಕ್ಕಳ ಎದೆಗೂ ಹೋಗುತ್ತದೆ. ಈಜುಕೊಳದ ಫಿಲ್ಟರಿಗೆ ಮಾರುವ ಪುಡಿಯನ್ನಂತೂ ಮನೆಯೊಳಗೆ ತರಲೇಬೇಡಿ.

ನಮ್ಮ ಜಿಪುಣತನದ ಒಂದು ಕಥೆಯನ್ನೂ ಹೇಳಿಬಿಡುತ್ತೇನೆ. ಪರಿಚಯದ ಮನೆಯೊಂದರಲ್ಲಿ ನಾಯಿಗೆ ತಂದ, ಬೆನ್ನಿಗೆ ಹಾಕುವ ಚಿಗಟದ ಹನಿ ಮಿಕ್ಕಿತ್ತು. "ಬೆಕ್ಕು ಚಿಕ್ಕದು, ಅರ್ಧ ಹಾಕಿದರಾಯಿತು" ಎಂದು ಬೆಕ್ಕಿಗೆ ಹಾಕಿದರು. ಕೆಲವೇ ಗಂಟೆಗಳಲ್ಲಿ ಬೆಕ್ಕು ಗಡಗಡ ನಡುಗಿ, ಜೊಲ್ಲು ಸುರಿಸಿ ಬಿದ್ದುಕೊಂಡಿತು. ಮಧ್ಯರಾತ್ರಿ ಎಮರ್ಜೆನ್ಸಿಗೆ ಓಡಿ, ಮೂರು ದಿನ ಅಲ್ಲಿಟ್ಟು, ಪುಣ್ಯಕ್ಕೆ ಉಳಿಯಿತು. ನಾಯಿಯ ಕೆಲವು ಔಷಧಿಗಳಲ್ಲಿ ಇರುವ ಪರ್ಮೆಥ್ರಿನ್ ನಾಯಿಗೆ ತಡೆಯುತ್ತದೆ, ಬೆಕ್ಕಿಗೆ ಪ್ರಾಣಕ್ಕೇ ಬರುತ್ತದೆ. ನಾಯಿಯದು ನಾಯಿಗೆ, ಬೆಕ್ಕಿನದು ಬೆಕ್ಕಿಗೆ. ಇದರಲ್ಲಿ ಉಳಿತಾಯ ಬೇಡ.

ಹಾಗಂತ ನಾನು ಔಷಧಿಯ ವೈರಿಯೂ ಅಲ್ಲ. ಚಿಗಟವನ್ನು ಹಗುರವಾಗಿ ಕಾಣುವಂತಿಲ್ಲ. ತುಂಬಾ ಹೆಚ್ಚಾದರೆ ಎಳೆ ಮರಿಗಳು ರಕ್ತ ಬತ್ತಿ ಸಾಯುತ್ತವೆ. ಚಿಗಟ ನುಂಗಿದ ಪ್ರಾಣಿಗೆ, ಅಪರೂಪಕ್ಕೆ ಅಂಬೆಗಾಲಿಡುವ ಮಗುವಿಗೂ, ಲಾಡಿಹುಳು ಬರುತ್ತದೆ. ಬೆಕ್ಕು ಪರಚಿದ ಗಾಯದಿಂದ ಬರುವ ಜ್ವರದ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಹರಡುವುದೂ ಚಿಗಟದಿಂದಲೇ. ಆದ್ದರಿಂದ ಪಶುವೈದ್ಯರು ಪ್ರಾಣಿಯನ್ನು ನೋಡಿ, ತೂಗಿ ಕೊಟ್ಟ ಔಷಧಿಯನ್ನು ಕೊಡಿ. ನಾವೂ ಚಿನ್ನಿಗೆ ಕೊಟ್ಟೆವು. ಮನೆಗೇ ಏನಾದರೂ ಹಾಕಲೇಬೇಕಾದರೆ, ಮರಿ ಬೆಳೆದು ಚಿಗಟವಾಗದಂತೆ ತಡೆಯುವ ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್ ತರಹದವು ಇವೆ. ಅವು ಕೀಟದ ಹಾರ್ಮೋನಿನ ಮೇಲೆ ಕೆಲಸ ಮಾಡುವಂಥವು, ಮನುಷ್ಯರಿಗೆ ಅಪಾಯ ಬಹಳ ಕಡಿಮೆ. ನನ್ನ ತಕರಾರು ಕಣ್ಣು ಮುಚ್ಚಿ ಇಡೀ ಮನೆಗೆ ವಿಷ ಉಗುಳುವುದರ ಬಗ್ಗೆ.

ಮನೆಯ ವಿಷ ಮನೆಯಲ್ಲೇ ಉಳಿಯುವುದೂ ಇಲ್ಲ. ಇಂಗ್ಲೆಂಡಿನಲ್ಲಿರುವ ಗೆಳೆಯರು ಇದನ್ನು ಗಮನಿಸಿ. ಅಲ್ಲಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ನದಿಗಳ ನೀರಿನ ಲೆಕ್ಕ ನೋಡಿದರು. ನಾಯಿ ಬೆಕ್ಕುಗಳ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಬಹುತೇಕ ಎಲ್ಲ ಮಾದರಿಗಳಲ್ಲೂ ಸಿಕ್ಕಿತು, ಇಮಿಡಾಕ್ಲೋಪ್ರಿಡ್ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ. ಜೇನ್ನೊಣಕ್ಕೆ ಅಪಾಯವೆಂದು ಯುರೋಪ್ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳಿಗೆ ನಿಷೇಧಿಸಿದ್ದು ಇದೇ ಇಮಿಡಾಕ್ಲೋಪ್ರಿಡ್ಡನ್ನು. ಹೊಲದಲ್ಲಿ ಬೇಡವೆಂದದ್ದು ನಾಯಿಯ ಸ್ನಾನದ ನೀರಿನಲ್ಲಿ ಹೊಳೆ ಸೇರಿದರೆ ಹೇಗೆ? ಚಿಗಟ ಇದೆಯೋ ಇಲ್ಲವೋ ನೋಡದೆ ತಿಂಗಳಿಗೊಮ್ಮೆ ಹಾಕುವ ಮುಂಚೆ ಒಮ್ಮೆ ಬಾಚಿ ನೋಡಿ, ವೈದ್ಯರನ್ನು ಕೇಳಿ.

ಕೊನೆಗೆ ಒಂದು ಹಳೆಯ ನೆನಪು. ಚಿಗಟ ನಮ್ಮ ಚರಿತ್ರೆಯನ್ನೂ ಬರೆದಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದು ಇಲಿಯ ಚಿಗಟದಿಂದ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಅದೇ ವರ್ಷ. ನಮ್ಮ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆಗ ಡಿಡಿಟಿ ಇರಲಿಲ್ಲ. ಇಕ್ಕಟ್ಟಿನ ಪೇಟೆಯಿಂದ ಹೊರಗೆ ಅಗಲ ಬೀದಿ, ಗಾಳಿ, ಬೆಳಕು, ಚರಂಡಿ ಇಟ್ಟು ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಪ್ಲೇಗಿನ ಕಾಲದಲ್ಲಿ. ನಮ್ಮ ಬೆಕ್ಕಿನ ಚಿಗಟಕ್ಕೂ ಆ ಪ್ಲೇಗಿಗೂ ಹೋಲಿಕೆ ಮಾಡಿ ಹೆದರಿಸುತ್ತಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಶತ್ರು ಎಲ್ಲಿ ವಾಸ ಮಾಡುತ್ತದೋ ಆ ಜಾಗವನ್ನು ಬದಲಿಸಿದರೆ ಶತ್ರು ತಾನಾಗಿ ಹೋಗುತ್ತದೆ.

ನೀವೇನು ಮಾಡಬೇಕು? ಈ ಸಲ ಊರಿಗೆ ಹೊರಡುವ ಹಿಂದಿನ ದಿನ ಕಾರ್ಪೆಟ್ಟಿಗೆಲ್ಲ ವ್ಯಾಕ್ಯೂಮ್ ಹೊಡೆದು, ಬೆಕ್ಕಿನ ಹಾಸು ಒಗೆದು ಹೊರಡಿ. ಬೆಕ್ಕನ್ನು ಬಿಡುವ ಮನೆಯವರಿಗೂ ಬಾಚಣಿಗೆ ಕೊಡಿ. ವಾಪಸ್ಸು ಬಂದಾಗ ಬಿಳಿ ಸಾಕ್ಸ್ ಹಾಕಿಕೊಂಡು ಮೊದಲು ಒಬ್ಬರೇ ಒಳಗೆ ಹೋಗಿ ಒಂದು ಸುತ್ತು ಹಾಕಿ. ಕಪ್ಪು ಚುಕ್ಕೆ ಕಂಡರೆ ಅಂಗಡಿಗೆ ಓಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಾಲ್ಕು ಡಬ್ಬಿ ದುಡ್ಡು ಕೊಟ್ಟು ಕಲಿತವನ ಮಾತಿದು. ವ್ಯಾಕ್ಯೂಮಿನ ಪ್ಲಗ್ಗು ಹಾಕಿ, ಮನೆಯವರನ್ನೆಲ್ಲ ಕರೆಯಿರಿ.

ಈ ಪತ್ರವನ್ನು ಬೆಕ್ಕು, ನಾಯಿ ಸಾಕಿರುವ ನಿಮ್ಮ ಗೆಳೆಯರಿಗೂ ಕಳಿಸಿ. ಅಂದಹಾಗೆ, ನಮ್ಮ ಚಿನ್ನಿ ಈಗ ಸೋಫಾದ ಮೇಲೆ ನಿಶ್ಚಿಂತೆಯಿಂದ ಮಲಗಿದೆ. ವ್ಯಾಕ್ಯೂಮ್ ಶುರುವಾದರೆ ಮಾತ್ರ ಮಂಚದ ಕೆಳಗೆ ಓಡುತ್ತದೆ. ಅಲ್ಲಿಗೂ ಬರುತ್ತೇನೆ ಎಂದು ಅದಕ್ಕಿನ್ನೂ ಅರ್ಥವಾಗಿಲ್ಲ.


ಅಟ್ಲಾಂಟಾದಿಂದ ನಿಮ್ಮವ